ಕಿಟಕಿಯಲ್ಲಿ ಕೂತು ಉಂಡ ಆಲ್ಬನ್ ಕ್ರೌಸ್

ಆಲ್ಬನ್ ಕ್ರೌಸ್‌ಗೆ ಆ ಕೆಲಸ ಸಿಕ್ಕಿದ್ದು ಅವನ ಹೊಟ್ಟೆಯ ದೆಸೆಯಿಂದ. ಅದು ಅಂತಿಂಥ ಹೊಟ್ಟೆಯಲ್ಲ. ಅವನು ಬೀದಿಯ ತಿರುವಿಗೆ ಬರುವ ಮೊದಲೇ ಅದು ಬಂದು, ಎದುರಿನವರು ಪಕ್ಕಕ್ಕೆ ಸರಿಯುವಂತೆ ಮಾಡುತ್ತಿತ್ತು. ಮೇಲೆ ಟೊಮೇಟೊದಂಥ ಎರಡು ಕೆನ್ನೆ, ಗಂಭೀರವಾದ ಗಡ್ಡ, ಮೂರನೇ ಬೀದಿಗೂ ಕೇಳಿಸುವ ಕಂಠ. ಇಷ್ಟನ್ನೇ ಬಂಡವಾಳ ಮಾಡಿಕೊಂಡು ಅವನು ಊರೂರು ತಿರುಗುವ ನಾಟಕ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ರಾಜನಾಗಿದ್ದ. ರಾಜನೆಂದರೆ ಕಥೆಯ ನಾಯಕನಲ್ಲ. ಮೊದಲ ಅಂಕದಲ್ಲಿ ಒಂದು ಔತಣ ಉಂಡು, ವಿಷ ತಗುಲಿಯೋ ಮೆಟ್ಟಿಲು ಜಾರಿಯೋ ಸತ್ತು, ಮಗನಿಗೆ ಸಿಂಹಾಸನ ಬಿಟ್ಟುಹೋಗುವ ರಾಜ. ಸಾವಿರದ ಒಂಬೈನೂರ ಆರನೇ ಇಸವಿಯ ಚಳಿಗಾಲದಲ್ಲಿ ಕಂಪನಿ ಸಿನ್ಸಿನಾಟಿಗೆ ಬಂದಾಗ ಮ್ಯಾನೇಜರು ಗಲ್ಲಾಪೆಟ್ಟಿಗೆಯನ್ನೂ ನಾಯಕಿಯನ್ನೂ ಒಟ್ಟಿಗೇ ಎತ್ತಿಕೊಂಡು ಸೇಂಟ್ ಲೂಯಿಸಿನ ರೈಲು ಹತ್ತಿಬಿಟ್ಟ. ಆಲ್ಬನ್ ರಟ್ಟಿನ ಕಿರೀಟದೊಂದಿಗೆ ಇಲ್ಲೇ ಉಳಿದ.

ಅದೇ ವರ್ಷದ ವಸಂತದಲ್ಲಿ ಊರಿನ ದೊಡ್ಡ ಸಾಹುಕಾರ ಆಲ್ಫಿಯಸ್ ಥಾರ್ನ್‌ಡೈಕನಿಗೆ ಕಷ್ಟ ಬಂತು. ಅವನದು ಡಬ್ಬದ ಮಾಂಸದ ಕಾರ್ಖಾನೆ. ಹಂದಿಗಳು ಒಂದು ಬಾಗಿಲಿನಿಂದ ನಡೆದು ಒಳಹೋದರೆ ಇನ್ನೊಂದು ಬಾಗಿಲಿನಿಂದ ಡಬ್ಬಗಳು ಉರುಳಿ ಹೊರಬರುತ್ತಿದ್ದವು. ನಡುವೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಈಗ ಪತ್ರಿಕೆಯವರು ಕೇಳತೊಡಗಿದರು, ಕೇಳಿದ್ದನ್ನು ಬರೆದೂಬಿಟ್ಟರು. ಓದಿದವರು ಮೊದಲು ಅಂದಿನ ಊಟ ಬಿಟ್ಟರು, ಆಮೇಲೆ ಡಬ್ಬ ಕೊಳ್ಳುವುದನ್ನೇ ಬಿಟ್ಟರು. ವಾಷಿಂಗ್ಟನ್ನಿನಲ್ಲಿ ಮಾಂಸದ ಕಾರ್ಖಾನೆಗಳಿಗೆ ಸರ್ಕಾರದ ತಪಾಸಣೆ ತರಬೇಕೆಂಬ ಮಾತು ಎದ್ದಿತು. ಥಾರ್ನ್‌ಡೈಕನ ಗೋದಾಮಿನಲ್ಲಿ ಡಬ್ಬಗಳು ಸೂರು ಮುಟ್ಟಿದವು.

ಥಾರ್ನ್‌ಡೈಕ್ ಸೋಲೊಪ್ಪುವ ಆಸಾಮಿಯಲ್ಲ. ಐದನೇ ಬೀದಿಯ ದೊಡ್ಡ ಜವಳಿ ಅಂಗಡಿಯ ಗಾಜಿನ ಕಿಟಕಿಯನ್ನು ಬಾಡಿಗೆಗೆ ಹಿಡಿದ. ಅಲ್ಲಿ ಒಬ್ಬ ದಷ್ಟಪುಷ್ಟ ಗೃಹಸ್ಥನನ್ನು ಕೂರಿಸಿ, ಮೂರು ಹೊತ್ತೂ ಜನರ ಕಣ್ಣೆದುರಿಗೇ ತನ್ನ ಡಬ್ಬದ ಮಾಂಸ ತಿನ್ನಿಸುವುದು. ಅವನು ದಿನದಿಂದ ದಿನಕ್ಕೆ ಕೆಂಪಗಾಗುವುದನ್ನು ಊರೇ ನೋಡುವುದು. ಇದು ಅವನ ಲೆಕ್ಕಾಚಾರ.

ಸಂದರ್ಶನಕ್ಕೆ ಹೋದ ಆಲ್ಬನ್‌ನನ್ನು ಸಾಹುಕಾರ ಸುತ್ತು ಹಾಕಿ ನೋಡಿದ.

"ಕಾಯಿಲೆ ಕಸಾಲೆ ಏನಾದ್ರೂ ಇದೆಯೇನಯ್ಯಾ?"

"ಹಸಿವು ಬಿಟ್ರೆ ಬೇರೇನಿಲ್ಲ ಧಣಿ."

"ಹೊಟ್ಟೆ ನಿಂದೇ ತಾನೆ? ನಾಟಕದೋರು ಒಳಗಡೆ ದಿಂಬು ಕಟ್ಕೊಂತಾರಂತೆ." ಬೆತ್ತದ ತುದಿಯಿಂದ ಒಮ್ಮೆ ತಿವಿದ. ಹೊಟ್ಟೆ ಒಳಗೆ ಹೋಗಿ ಅಷ್ಟೇ ಗೌರವದಿಂದ ಹೊರಗೆ ಬಂತು. ಥಾರ್ನ್‌ಡೈಕನ ಮುಖ ಅರಳಿತು. "ಭೇಷ್! ನಾಳೆಯಿಂದ ಬಾ. ಒಂದೇ ಮಾತು ನೆನಪಿಟ್ಕೊ. ತಿನ್ನುವಾಗ ನಗ್ತಾ ಇರ್ಬೇಕು."

ಮೊದಲ ಕೆಲವು ದಿನ ಆಲ್ಬನ್‌ಗೆ ಸ್ವರ್ಗವೇ ಸಿಕ್ಕಂತಾಯಿತು. ಬಿಳಿ ಬಟ್ಟೆ ಹಾಸಿದ ಮೇಜು, ಬೆಳ್ಳಿಯ ಚಮಚ, ಎದುರಿಗೆ ಗಾಜಿಗೆ ಮೂಗು ಒತ್ತಿ ನಿಂತ ಜನ. ಅವನು ಕರವಸ್ತ್ರವನ್ನು ಕೊರಳಿಗೆ ಸಿಕ್ಕಿಸಿಕೊಂಡರೆ ಗುಂಪು ನಿಶ್ಶಬ್ದ. ತುತ್ತೆತ್ತಿ ಕಣ್ಣು ಮುಚ್ಚಿದರೆ ಹೆಂಗಸರು ಉಸಿರು ಬಿಗಿಹಿಡಿಯುತ್ತಿದ್ದರು. ನುಂಗಿ 'ಆಹಾ' ಎಂದರೆ ಚಪ್ಪಾಳೆ. ಮೊದಲ ಅಂಕ ದಾಟಿಯೂ ಜನ ತನ್ನನ್ನು ನೋಡುತ್ತಿದ್ದಾರೆ ಎಂಬುದೇ ಅವನಿಗೆ ನಂಬಲಾಗದ ಸಂಗತಿ. ಸಾಯಬೇಕಾಗಿಯೂ ಇರಲಿಲ್ಲ.

ಹಸಿವು ತೀರಿದ ಮೇಲೆ ನಾಲಿಗೆ ಎಚ್ಚರವಾಯಿತು. ಆಗ ಕಷ್ಟ ಶುರು. ಆ ಮಾಂಸಕ್ಕೆ ಹಂದಿಯ ರುಚಿಯೂ ಇರಲಿಲ್ಲ, ದನದ ರುಚಿಯೂ ಇರಲಿಲ್ಲ. ಹಳೇ ಬೂಟನ್ನು ಉಪ್ಪು ಹಾಕಿ ಬೇಯಿಸಿ, ಬೂಟಿನ ಯಜಮಾನನಿಗೆ ಗೊತ್ತಾಗದ ಹಾಗೆ ಅರೆದಂತಿತ್ತು. ಬೆಳಗ್ಗೆ ಅದು, ಮಧ್ಯಾಹ್ನ ಅದು, ಸಂಜೆಯೂ ಅದೇ. ಒಂದು ಮಧ್ಯಾಹ್ನ ಚಮಚ ಎತ್ತಿದರೆ ಗಂಟಲು 'ಇನ್ನು ನನ್ನ ಕೈಲಾಗದು' ಎಂದು ಬಾಗಿಲು ಹಾಕಿಕೊಂಡುಬಿಟ್ಟಿತು.

ಆದರೆ ಆಲ್ಬನ್ ರಟ್ಟಿನ ಕೋಳಿ, ಮಣ್ಣಿನ ಹಣ್ಣು ಉಂಡು ಬೆಳೆದ ನಟ. ಉಣ್ಣದೆ ಉಂಡಂತೆ ತೋರಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ತುತ್ತು ಬಾಯಿಯ ತನಕ ಹೋಗಿ, ಕರವಸ್ತ್ರದ ಮರೆಯಲ್ಲಿ ತೊಡೆಗೆ ಇಳಿಯುತ್ತಿತ್ತು. ಕೆನ್ನೆಗಳು ಮಾತ್ರ ಭಕ್ತಿಯಿಂದ ಅಗಿಯುತ್ತಿದ್ದವು. ತೊಡೆಯಿಂದ ಮುಂದೆ? ಅದಕ್ಕೂ ದೇವರು ಒಬ್ಬನನ್ನು ಕಳಿಸಿದ. ಹಿಂದಿನ ಓಣಿಯ ಬೀಡಾಡಿ ನಾಯಿಯೊಂದು ವಾಸನೆ ಹಿಡಿದು ಕಿಟಕಿಯ ಹಿಂಬಾಗಿಲಿನಿಂದ ನುಗ್ಗಿ, ನೆಲ ಮುಟ್ಟುವ ಮೇಜುಬಟ್ಟೆಯ ಒಳಗೆ ಬಿಡಾರ ಹೂಡಿತು. ಆಲ್ಬನ್ ಅದಕ್ಕೆ ಮೇಯರ್ ಎಂದು ಹೆಸರಿಟ್ಟ. ಮೇಯರ್ ಮೇಜಿನ ಕೆಳಗಿಂದ ತಿನ್ನುವುದು ಆ ಊರಿಗೇನೂ ಹೊಸದಾಗಿರಲಿಲ್ಲ.

ಹಾಗಾದರೆ ಅವನ ಕೆನ್ನೆ ಕೆಂಪಾಗಿಯೇ ಉಳಿದದ್ದು ಹೇಗೆ? ಅದು ಹೆಡ್‌ವಿಗಮ್ಮನ ಕೈಗುಣ. ಕಾಲುವೆಯ ಆಚೆಯ ಜರ್ಮನ್ ಕೇರಿಯಲ್ಲಿ ಅವಳ ವಠಾರ. ಮೇಲಿನ ಕೋಣೆಯಲ್ಲಿ ಆಲ್ಬನ್ ಬಾಡಿಗೆಗಿದ್ದ. ಹೆಡ್‌ವಿಗ್ ರಾಟರ್‌ಮನ್ ವಿಧವೆ, ನಲವತ್ತರ ಆಸುಪಾಸು, ತೋಳು ಬ್ರೆಡ್ಡಿನ ಹಿಟ್ಟು ನಾದಿ ನಾದಿ ಕಂಬದಂತಾಗಿತ್ತು. ಹುಳಿಯಲ್ಲಿ ನೆನೆಸಿಟ್ಟು ಬೇಯಿಸಿದ ಮಾಂಸ, ಬೆಣ್ಣೆಯಲ್ಲಿ ಹೊರಳಿಸಿದ ಆಲೂಗಡ್ಡೆ ಕಡುಬು, ಹುಳಿ ಎಲೆಕೋಸು, ಸೇಬಿನ ಕೇಕು, ಇವೆಲ್ಲ ಸಂಜೆ ಅವಳ ಅಡುಗೆಮನೆಯಿಂದ ಬರುತ್ತಿದ್ದವು. ಆಲ್ಬನ್ ಕೆಲಸ ಮುಗಿಸಿ ಬಂದವನೇ ಬರಗಾಲದಿಂದ ಬಂದವನಂತೆ ಕೂರುತ್ತಿದ್ದ.

ಒಂದು ಸಂಜೆ ಹೆಡ್‌ವಿಗಮ್ಮ ಸೊಂಟಕ್ಕೆ ಕೈಯಿಟ್ಟು ಎದುರಿಗೆ ನಿಂತಳು.

"ಅಲ್ಲ ಮಹಾರಾಜ್ರೇ, ಒಂದು ಮಾತು ಕೇಳ್ತೀನಿ. ದಿನಾ ಮೂರು ಹೊತ್ತು ಡಬ್ಬ ತಿಂದ ಹೊಟ್ಟೆಗೆ ಇಷ್ಟೆಲ್ಲ ಎಲ್ಲಿ ಹಿಡಿಯತ್ತೆ?"

ಕಡುಬು ಬಾಯಲ್ಲಿತ್ತು. ಆಲ್ಬನ್ ಕೈಯಾಡಿಸಿದ.

"ನುಂಗಿ ಮಾತಾಡಿ. ಇವತ್ತು ಐದನೇ ಬೀದಿಗೆ ದಾರ ತರೋಕೆ ಬಂದಿದ್ದೆ. ಊರಿಗೆಲ್ಲ ನಿಮ್ಮ ಬಾಯಿ ಕಾಣ್ತಿತ್ತು, ನನಗೆ ಮೇಜಿನ ಕೆಳಗಿಂದ ಒಂದು ಬಾಲ ಕಾಣ್ತು."

ಆಲ್ಬನ್ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. ಹೆಡ್‌ವಿಗಮ್ಮನಿಗೆ ಬಂದ ಸಿಟ್ಟಿಗೆ ಪಾತ್ರೆಗಳು ನಡುಗಿದವು.

"ಅಂದ್ರೆ ನನ್ನ ಕಡುಬು ತಿಂದು ಆ ದರಿದ್ರ ಡಬ್ಬಕ್ಕೆ ಮುಖ ಕೊಡ್ತಿದೀರಾ? ಪಕ್ಕದ್ಮನೆ ಗ್ರೇಟ ನಿಮ್ಮ ಕೆನ್ನೆ ನೋಡಿ ಒಂದು ಪೆಟ್ಟಿಗೆ ಡಬ್ಬ ತಂದಿಟ್ಕೊಂಡಿದಾಳೆ, ಗೊತ್ತಾ? ಅದು ನನ್ನ ಕೆನ್ನೆ! ನಾನು ಮಾಡಿದ ಕೆನ್ನೆ!"

"ಹೊಟ್ಟೆಪಾಡು ಹೆಡ್‌ವಿಗಮ್ಮಾ."

"ಹೊಟ್ಟೆಪಾಡಂತೆ. ಅಷ್ಟು ದೊಡ್ಡ ಹೊಟ್ಟೆಗೆ ಒಂದು ಮರ್ಯಾದಸ್ತ ಪಾಡು ಸಿಗ್ಲಿಲ್ವಾ?"

ಬಯ್ಯುತ್ತಲೇ ಅವನ ತಟ್ಟೆಗೆ ಇನ್ನೆರಡು ಕಡುಬು ಹಾಕಿದಳು. ಆಲ್ಬನ್‌ಗೆ ಅವತ್ತು ಅವು ಸ್ವಲ್ಪ ಕಷ್ಟದಿಂದಲೇ ಇಳಿದವು. ಗ್ರೇಟಳಿಗೆ ಚಿಕ್ಕ ಮಕ್ಕಳಿದ್ದರು.

ಈ ನಡುವೆ ಎದುರಿನ ಟೋಪಿ ಅಂಗಡಿಯ ಕಿಟಕಿ ಖಾಲಿಯಾಗಿ, ಅಲ್ಲಿ ಇನ್ನೊಂದು ಮೇಜು ಬಂತು. ಅದು ಶುದ್ಧ ಆಹಾರ ಮಹಿಳಾ ಸಂಘದ್ದು. ಸಂಘದ ಅಧ್ಯಕ್ಷೆ ಲವೀನಿಯಾ ಡಾಡ್ಜ್ ಊರಿಗೆಲ್ಲ ಗೊತ್ತಿದ್ದ ಹೆಂಗಸು. ಕುಡಿತದ ವಿರುದ್ಧ ಹೋರಾಡಿದ್ದಳು, ಇಸ್ಪೀಟಿನ ವಿರುದ್ಧ ಹೋರಾಡಿದ್ದಳು, ಟ್ರಾಮಿನಲ್ಲಿ ಉಗುಳುವವರ ಹಿಂದೆ ಕೊಡೆ ಹಿಡಿದು ಓಡಿದ್ದಳು. ಈಗ ಡಬ್ಬದ ಸರದಿ. ಅವಳ ವಾದದಲ್ಲಿ ಹುರುಳಿತ್ತು, ಅಡುಗೆಯಲ್ಲಿ ಮಾತ್ರ ಇರಲಿಲ್ಲ. ಉಪ್ಪು ರಕ್ತವನ್ನು ಕೆಡಿಸುತ್ತದೆ, ಬೆಣ್ಣೆ ಬುದ್ಧಿಯನ್ನು ಕೆಡಿಸುತ್ತದೆ, ಸಕ್ಕರೆ ನಡತೆಯನ್ನು ಕೆಡಿಸುತ್ತದೆ ಎಂದು ನಂಬಿದ್ದಳು. ಏನೂ ಕೆಡದೆ ಉಳಿದದ್ದು ತೌಡಿನ ಬ್ರೆಡ್ಡು ಮತ್ತು ನೀರಲ್ಲಿ ಬೇಯಿಸಿದ ಗಜ್ಜರಿ. ಅದನ್ನು ತಿಂದು ಒಬ್ಬ ಸಣಕಲ ಹೇಗೆ ದಪ್ಪಗಾಗುತ್ತಾನೆ ನೋಡಿ ಎಂದು ಅವಳು ಸಾರಿದಳು.

ಆ ಸಣಕಲ ಅವಳ ಸ್ವಂತ ತಮ್ಮ ಎಜ್ರಾ. ಅಕ್ಕನ ಮನೆಯಲ್ಲೇ ಇದ್ದ ಕಾರಣಕ್ಕೆ ಅವನು ಅವಳ ಎಲ್ಲ ಸುಧಾರಣೆಗಳಿಗೂ ಮಾದರಿಯಾಗಬೇಕಿತ್ತು. ಒಂದು ತೊಟ್ಟು ಕುಡಿಯದವನು ಪಾನನಿರೋಧದ ಮೆರವಣಿಗೆಯಲ್ಲಿ ಹಾಳಾದ ಕುಡುಕನಾಗಿ ಗಾಡಿಯ ಮೇಲೆ ಬಿದ್ದುಕೊಂಡಿದ್ದ. ಈಗ ಕಿಟಕಿಯಲ್ಲಿ ಕೂತು ತೌಡು ಅಗಿಯಬೇಕು. ಚೆನ್ನಾಗಿ ಅಗಿದರೆ ಮಾತ್ರ ಮೈಗೆ ಹತ್ತುತ್ತದೆಯೆಂದು ಲವೀನಿಯಾ ಪಕ್ಕದಲ್ಲೇ ಗಂಟೆ ಹಿಡಿದು ನಿಲ್ಲುತ್ತಿದ್ದಳು. ಗಂಟೆ ಬಾರಿಸುವ ತನಕ ನುಂಗುವ ಹಾಗಿಲ್ಲ. ಎಜ್ರಾ ದವಡೆ ಆಡಿಸುತ್ತಾ, ಬೀದಿಯ ಈಚೆಗಿನ ಆಲ್ಬನ್‌ನ ತಟ್ಟೆಯನ್ನು ಒದ್ದೆಗಣ್ಣಿನಿಂದ ನೋಡುತ್ತಿದ್ದ. ಡಬ್ಬದ ಮಾಂಸವನ್ನು ಆಸೆಯಿಂದ ನೋಡುವ ಮನುಷ್ಯನನ್ನು ಆಲ್ಬನ್ ಅಲ್ಲಿಯತನಕ ಕಂಡಿರಲಿಲ್ಲ.

ಒಂದು ಸಂಜೆ ಓಣಿಯಲ್ಲಿ ಎಜ್ರಾ ಎದುರಾದ. ಕೋಟು ಹ್ಯಾಂಗರಿಗೆ ತೂಗುಹಾಕಿದಂತಿತ್ತು.

"ಅಣ್ಣಾ, ಆ ಡಬ್ಬದಲ್ಲಿ ಒಂದು ತುಣುಕು ಉಳಿದಿದ್ರೆ..."

"ಥೂ, ಅದನ್ಯಾಕೆ ಕೇಳ್ತೀಯೋ ಮಾರಾಯ. ಬಾ ನನ್ನ ಜೊತೆ."

ಹೆಡ್‌ವಿಗಮ್ಮ ಬಾಗಿಲಲ್ಲಿ ನಿಂತ ಎಜ್ರಾನನ್ನು ನೋಡಿ ಒಂದು ಮಾತೂ ಕೇಳದೆ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟಳು. ಎಜ್ರಾ ಮೊದಲ ಕಡುಬು ಬಾಯಿಗಿಟ್ಟು, ಅಭ್ಯಾಸಬಲದಿಂದ ಗಂಟೆಗಾಗಿ ಕಾಯುತ್ತಾ ಕೂತ. ಆಲ್ಬನ್ ಚಮಚದಿಂದ ಲೋಟಕ್ಕೆ ಒಮ್ಮೆ ಬಡಿದ ಮೇಲೆಯೇ ನುಂಗಿದ್ದು. ನುಂಗಿದವನು ಅಳತೊಡಗಿದ.

"ಅಳ್ಬೇಡಪ್ಪಾ, ಸಾರು ತೆಳ್ಳಗಾಗತ್ತೆ," ಎಂದಳು ಹೆಡ್‌ವಿಗಮ್ಮ. "ನಿಮ್ಮಕ್ಕನ ಸಂಘಕ್ಕೆ ನಾನೂ ಹೋಗಿದ್ದೆ. ಡಬ್ಬದೋರ ಕಿವಿ ಹಿಂಡ್ಬೇಕು ಅಂತ ಆಯಮ್ಮ ಹೇಳಿದ್ದೆಲ್ಲ ಸರಿಯಾಗೇ ಇತ್ತು. ಆಮೇಲೆ ನನ್ನ ಸೇಬಿನ ಕೇಕು ನೋಡಿ 'ಇದು ಪಾಪ' ಅಂದ್ಲು. ಎದ್ದು ಬಂದ್ಬಿಟ್ಟೆ."

ಅಂದಿನಿಂದ ಎಜ್ರಾ ದಿನವೂ ಬಂದ. ಮೇಯರನೂ ಹಿಂದೆಯೇ ಬಂದು ಅಡುಗೆಮನೆಯ ಹಿತ್ತಿಲಲ್ಲಿ ಎಲುಬು ಕಡಿಯತೊಡಗಿದ. ಎಜ್ರಾನ ಗಲ್ಲ ತುಂಬಿಕೊಂಡಿತು, ಲವೀನಿಯಾ ಹಿಗ್ಗಿ ಹೀರೇಕಾಯಿಯಾದಳು, ಊರಿನಲ್ಲಿ ತೌಡು ಸಿಗದಂತಾಯಿತು. ಈಚೆ ಥಾರ್ನ್‌ಡೈಕನ ಗೋದಾಮು ಖಾಲಿಯಾಗುತ್ತಿತ್ತು. ಎರಡು ಕಿಟಕಿಗಳ ನಡುವೆ ನಿಂತ ಜನ ಎಡಕ್ಕೂ ಬಲಕ್ಕೂ ನೋಡಿ ಕತ್ತು ನೋಯಿಸಿಕೊಂಡರು.

"ಊರಿನ ಎರಡು ಪಕ್ಷಕ್ಕೂ ಕೆನ್ನೆ ಒದಗಿಸ್ತಿರೋದು ನಾನೊಬ್ಳೇ," ಎಂದು ಹೆಡ್‌ವಿಗಮ್ಮ ಗೊಣಗಿದಳು. "ನನ್ನ ಹೆಸರು ಎಲ್ಲಾದ್ರೂ ಇದೆಯಾ? ಇಲ್ಲ."

ಎಲುಬಿನ ರುಚಿ ಕಂಡ ಮೇಲೆ ಮೇಯರ್ ಡಬ್ಬ ಕಂಡರೆ ಮೂತಿ ತಿರುಗಿಸತೊಡಗಿದ. ಆಲ್ಬನ್ ಮೇಜಿನ ಕೆಳಗೆ ಕೈ ಚಾಚಿದರೆ ನಾಯಿ ಕಾಲು ಮಡಚಿ ನಿದ್ದೆ ಹೊಡೆಯುತ್ತಿತ್ತು. ಒಂದು ದಿನವಿಡೀ ಮಾಂಸವನ್ನು ಬೂಟಿನಲ್ಲಿ ತುಂಬಿಕೊಂಡು ಪಿಚಪಿಚನೆ ಮನೆಗೆ ನಡೆದು ಬಂದ ಅವನನ್ನು ಕಂಡು ಹೆಡ್‌ವಿಗಮ್ಮನಿಗೆ ಮರುಕವೂ ನಗುವೂ ಒಟ್ಟಿಗೇ ಬಂದವು. ಹಳೇ ಎಣ್ಣೆಬಟ್ಟೆ ಕತ್ತರಿಸಿ ಒಂದು ಚೀಲ ಹೊಲಿದಳು. ಅದು ಅಂಗಿಯ ಒಳಗೆ ಹೊಟ್ಟೆಯ ಮೇಲೆ ಕೂರುತ್ತದೆ. ಅದರ ಬಾಯಿ ಗಡ್ಡದ ಮರೆಗೆ ಬರುತ್ತದೆ.

"ತಿಂದು ಸತ್ರೆ ನನ್ನ ಮೇಲಿನ ಕೋಣೇಲೇ ಸಾಯ್ತೀರಿ, ತೊಳೆಯೋಳು ನಾನು. ಅದಕ್ಕೇ ಹೊಲಿದೆ. ಬೇರೆ ಏನೂ ಅಂದ್ಕೋಬೇಡಿ," ಎಂದಳು. ಗುಂಡಿ ಹಾಕುವಾಗ ಅವಳ ಮುಖ ಕೆಂಪಾಗಿತ್ತು. ಒಲೆಯ ಕಾವು ಇರಬಹುದು ಎಂದು ಆಲ್ಬನ್ ಅಂದುಕೊಂಡ.

ಅಷ್ಟರಲ್ಲಿ ಲವೀನಿಯಾ ಪತ್ರಿಕೆಯಲ್ಲಿ ಸವಾಲು ಹಾಕಿದಳು. ಗಾಜಿನ ಹಿಂದೆ ಏನು ಬೇಕಾದರೂ ಮಾಡಬಹುದು. ಇಬ್ಬರನ್ನೂ ಕಾರಂಜಿ ಚೌಕದಲ್ಲಿ ಬಯಲಿಗೆ ತನ್ನಿ, ಜನರೆದುರು ತೂಗಿ, ಜನರೆದುರು ಉಣ್ಣಿಸಿ. ಥಾರ್ನ್‌ಡೈಕ್ ಕುಣಿದಾಡಿದ. "ತೂಕದಲ್ಲಿ ನಮ್ಮ ಕ್ರೌಸನ್ನ ಸೋಲಿಸೋರು ಈ ದೇಶದಲ್ಲಿದಾರಾ? ಆ ಹೆಂಗಸಿನ ಕಥೆ ಅವತ್ತಿಗೇ ಮುಗೀತು. ಕಾನೂನೂ ಬೇಡ, ತಪಾಸಣೇನೂ ಬೇಡ." ಬ್ಯಾಂಡಿನವರಿಗೆ ಮುಂಗಡ ಕೊಟ್ಟ.

ಶನಿವಾರ ಮಧ್ಯಾಹ್ನ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರದ ವೇದಿಕೆ, ಅದರ ಮೇಲೆ ಧಾನ್ಯ ತೂಗುವ ದೊಡ್ಡ ತಕ್ಕಡಿ, ಎರಡು ಬರಿ ಮೇಜು. ಬಟ್ಟೆ ಹಾಸಬಾರದೆಂದು ಲವೀನಿಯಾ ಷರತ್ತು ಹಾಕಿದ್ದಳು. ಉಣ್ಣುವ ಪಂದ್ಯ ಮೊದಲು, ತೂಕ ಆಮೇಲೆ. ಆಲ್ಬನ್ ಜೀವಮಾನದಲ್ಲೇ ಅಂಥ ಅಭಿನಯ ಮಾಡಿರಲಿಲ್ಲ. ಡಬ್ಬದ ಮೇಲೆ ಡಬ್ಬ ಗಡ್ಡದೊಳಗೆ ಮಾಯವಾದವು. ಆಚೆ ಎಜ್ರಾ ತೌಡನ್ನು ಅಗಿದಂತೆ ಮಾಡಿ ಕೋಟಿನ ಜೇಬಿಗಿಳಿಸುತ್ತಿದ್ದ. ಆ ವಿದ್ಯೆಯನ್ನು ಅವನಿಗೆ ಆಲ್ಬನ್ನೇ ಕಲಿಸಿಕೊಟ್ಟಿದ್ದ. ಗುಂಪಿನ ಮುಂದೆಯೇ ಹೆಡ್‌ವಿಗಮ್ಮ ಬುಟ್ಟಿ ಹಿಡಿದು, ತುಟಿ ಕಚ್ಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಮೇಯರ್.

ಆಲ್ಬನ್ ತಕ್ಕಡಿ ಹತ್ತಿದ. ಮುಳ್ಳು ಕೊನೆಗೆ ಹೋಗಿ ಢಣ್ ಎಂದಿತು. ಬ್ಯಾಂಡು ಮೊಳಗಿತು. ಥಾರ್ನ್‌ಡೈಕನ ಎದೆ ಉಬ್ಬಿತು.

"ನೋಡಿ ಮಹಾಜನರೇ! ಇದು ಥಾರ್ನ್‌ಡೈಕ್ ಮಾಂಸ ಕಟ್ಟಿದ ಮೈ!" ಎಂದು ಕೂಗಿ, ಅಭಿಮಾನದಿಂದ ಆಲ್ಬನ್‌ನ ಹೊಟ್ಟೆಗೆ ಅಂಗೈ ಎತ್ತಿ ಒಂದು ಕೊಟ್ಟ.

ಫಚ್ ಎಂದಿತು.

ಹೊಲಿಗೆ ಗಟ್ಟಿಯಾಗಿಯೇ ಇತ್ತು, ಎಣ್ಣೆಬಟ್ಟೆ ಹಳೆಯದು. ಮೊದಲು ಅಂಗಿಯ ಕೆಳಗಿನಿಂದ ಒಂದು ತುಣುಕು ಇಣುಕಿತು. ಆಮೇಲೆ ಪ್ಯಾಂಟಿನ ಎರಡೂ ಕಾಲಿನಿಂದ ಸಾವಕಾಶವಾಗಿ, ಯಾವ ಗಡಿಬಿಡಿಯೂ ಇಲ್ಲದೆ ಮಾಂಸ ಇಳಿದು ತಕ್ಕಡಿಯ ಮೇಲೆ ರಾಶಿಯಾಯಿತು. ಬ್ಯಾಂಡಿನವರು ಒಬ್ಬೊಬ್ಬರಾಗಿ ನಿಲ್ಲಿಸಿದರು; ತುತ್ತೂರಿಯವನು ಮಾತ್ರ ಏನೂ ಕಾಣದೆ ಊದುತ್ತಲೇ ಇದ್ದ. ಆಲ್ಬನ್ ಸಾಯುವ ರಾಜನ ಪಾತ್ರವನ್ನು ನೆನಪಿಸಿಕೊಂಡು, ಎದೆ ಹಿಡಿದುಕೊಂಡು ಬೀಳಲೇ ಎಂದು ಯೋಚಿಸಿದ. ಆದರೆ ಬೀಳುವ ಜಾಗದಲ್ಲಿ ಮಾಂಸವಿತ್ತು.

ಎಜ್ರಾ ನಗತೊಡಗಿದ. ಬಿದ್ದು ಬಿದ್ದು ನಕ್ಕ. ಅವನ ಜೇಬುಗಳು ಹರಿದು ತೌಡು ಹೊಗೆಯಂತೆ ಎದ್ದು, ಅವನ ಅಕ್ಕನ ಟೋಪಿಯ ಮೇಲೆ ಹಿಮದಂತೆ ಕೂತಿತು. ಮೇಯರ್ ವೇದಿಕೆ ಹತ್ತಿ ಬಂದು ಮಾಂಸದ ರಾಶಿಯನ್ನು ಮೂಸಿದ, ತೌಡಿನ ರಾಶಿಯನ್ನೂ ಮೂಸಿದ, ಎರಡಕ್ಕೂ ಬೆನ್ನು ಹಾಕಿ ಹೆಡ್‌ವಿಗಮ್ಮನ ಬುಟ್ಟಿಯ ಹತ್ತಿರ ಹೋಗಿ ಕೂತ. ಚೌಕದಲ್ಲಿ ನಗುವಿನ ಅಲೆ ಎದ್ದಿತು.

"ಮೋಸ!" ಎಂದು ಲವೀನಿಯಾ ಚೀರಿದಳು. "ಇವನ ಆಳಿಗೇ ಇವನ ಮಾಂಸ ಸೇರಲ್ಲ!"

"ನಿಮ್ಮ ತಮ್ಮನಿಗೆ ನಿಮ್ಮ ತೌಡು ಸೇರತ್ತೇನಮ್ಮಾ?" ಎಂದ ಥಾರ್ನ್‌ಡೈಕ್.

"ನಾನು ದಿನಾ ತಿಂತೀನಿ! ನೀವು ನಿಮ್ಮ ಡಬ್ಬ ಮುಟ್ಟಿದೀರಾ?"

"ತಿನ್ರೀ ಸಾಹುಕಾರ್ರೇ! ತಿನ್ನಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಚೌಕ ಅದನ್ನೇ ಕೂಗಿತು.

ಥಾರ್ನ್‌ಡೈಕ್ ಒಂದು ಡಬ್ಬ ಎಳೆದುಕೊಂಡು ಕೂತ. ಲವೀನಿಯಾ ತೌಡಿನ ಬ್ರೆಡ್ಡು ಎಳೆದುಕೊಂಡು ಎದುರಿಗೆ ಕೂತಳು. ಮೊದಲ ತುತ್ತಿಗೇ ಸಾಹುಕಾರನ ಕಣ್ಣು ಹೊರಬಂತು. ತನ್ನ ಹೆಸರು ಅಂಟಿಸಿದ ವಸ್ತುವಿನ ರುಚಿಯನ್ನು ಅವನು ನೋಡಿದ್ದು ಅದೇ ಮೊದಲು. ಆದರೆ ಎದುರಿನ ಹೆಂಗಸು ನಿಲ್ಲಿಸುವ ತನಕ ನಿಲ್ಲಿಸುವ ಹಾಗಿಲ್ಲ. ಲವೀನಿಯಾಗೂ ಅದೇ ಹಟ. ಗಂಟೆ ಬಾರಿಸುವವರಿಲ್ಲದೆ ಅವಳು ಅಗಿದೇ ಅಗಿದಳು. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಾ, ನಗಲೂ ಆಗದೆ ಉಗುಳಲೂ ಆಗದೆ ತಿನ್ನುತ್ತಿದ್ದರು.

"ಸಾಕಾ?" ಎಂದ ಸಾಹುಕಾರ, ಬಾಯಿ ತುಂಬ.

"ನಿಮಗೆ ಸಾಕಾದ್ರೆ ಹೇಳಿ," ಎಂದಳು ಅವಳು, ತೌಡು ಹಾರಿಸುತ್ತಾ.

ಆಲ್ಬನ್ ಎಲ್ಲ ಮರೆತು ನಿಂತು ನೋಡಿದ. ಮಾಂಸ ತಿನ್ನುವವನ ನಿಜವಾದ ಮುಖ ಹೀಗಿರುತ್ತದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಅಷ್ಟು ದಿನ ತಾನು ಅಭಿನಯಿಸಿದ್ದೆಲ್ಲ ತಪ್ಪು ಎನಿಸಿತು. ಕೊನೆಗೆ ಹೆಡ್‌ವಿಗಮ್ಮನೇ ವೇದಿಕೆ ಹತ್ತಿದಳು. ಬುಟ್ಟಿಯಿಂದ ಸೇಬಿನ ಕೇಕು ತೆಗೆದು ಇಬ್ಬರ ನಡುವೆ ಇಟ್ಟಳು.

"ಸಾಕು ಎದ್ದೇಳಿ, ಮಕ್ಕಳು ನೋಡ್ತಿದಾವೆ. ಸಾಹುಕಾರ್ರೇ, ಮೊದ್ಲು ನಿಮ್ಮ ಕಾರ್ಖಾನೆ ಬಾಗಿಲು ತೆಗೀರಿ, ಈಯಮ್ಮ ಬಂದು ನೋಡ್ಲಿ. ಅಮ್ಮಾವ್ರೇ, ನೀವು ಅಲ್ಲಿ ಎಷ್ಟು ಬೇಕೋ ಅಷ್ಟು ಗಲಾಟೆ ಮಾಡಿ, ನಾನೂ ಜೊತೆಗೆ ಬರ್ತೀನಿ. ಆದ್ರೆ ಉಪ್ಪಿನ ತಂಟೆಗೆ ಹೋಗ್ಬೇಡಿ."

ಲವೀನಿಯಾ ಕೇಕನ್ನು ನೋಡಿದಳು. ಇದು ಪಾಪ ಎನ್ನಲು ಬಾಯಿ ತೆರೆದಳು. ಬಾಯಲ್ಲಿದ್ದ ತೌಡು ಬಿಡಲಿಲ್ಲ. ಥಾರ್ನ್‌ಡೈಕ್ ದೊಡ್ಡ ತುಂಡಿಗೆ ಕೈ ಹಾಕಿದ. ಅವನಿಗೇ ಎಲ್ಲ ಹೋಗಬಾರದೆಂದು ಅವಳೂ ಒಂದು ತುಂಡು ಎತ್ತಿಕೊಂಡಳು.

ಕಾರ್ಖಾನೆಯ ಬಾಗಿಲು ತೆರೆಯಿತು, ಗಲಾಟೆಯೂ ಆಯಿತು. ಅದೇ ಬೇಸಿಗೆಯಲ್ಲಿ ವಾಷಿಂಗ್ಟನ್ನಿನಿಂದ ಕಾನೂನು ಬಂತು. ಬಂದರೆ ಸಾಯುತ್ತೇನೆ ಎನ್ನುತ್ತಿದ್ದ ಥಾರ್ನ್‌ಡೈಕ್, ಬಂದ ಮೇಲೆ ಡಬ್ಬದ ಮೇಲೆ 'ಸರ್ಕಾರ ನೋಡಿದ ಮಾಂಸ' ಎಂದು ತನ್ನ ಹೆಸರಿಗಿಂತ ದೊಡ್ಡದಾಗಿ ಅಚ್ಚು ಹಾಕಿಸಿ, ಕಾನೂನು ತನ್ನದೇ ಐಡಿಯಾ ಎಂದು ಕ್ಲಬ್ಬಿನಲ್ಲಿ ಹೇಳಿಕೊಂಡು ತಿರುಗಿದ. ಲವೀನಿಯಾ ಗೆದ್ದ ಖುಷಿಯಲ್ಲಿ, ಮುಂದಿನ ಸರದಿ ಹಾಲಿನವರದು ಎಂದು ಹೊರಟಳು. ಎಜ್ರಾ ಇನ್ನು ಯಾವುದಕ್ಕೂ ಮಾದರಿಯಾಗುವುದಿಲ್ಲವೆಂದು ಹೇಳಿ, ನದಿ ದಾಟಿ ಕೆಂಟಕಿಯಲ್ಲಿ ಒಂದು ಬೇಕರಿ ಸೇರಿದ.

ಆಲ್ಬನ್‌ನ ಕೆಲಸ ಆ ಶನಿವಾರ ಚೌಕದಲ್ಲೇ ಹೋಗಿತ್ತು. ಸೋಮವಾರ ಬೆಳಗ್ಗೆ ಅವನು ಹೆಡ್‌ವಿಗಮ್ಮನ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದ. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಗುತ್ತಿತ್ತು.

"ಹೆಡ್‌ವಿಗಮ್ಮಾ," ಎಂದ, ಚಾಕು ಕೆಳಗಿಟ್ಟು. ಗಂಟಲು ಸರಿಮಾಡಿಕೊಂಡು, ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡ. "ಈ ಅನಾಥ ಅರಸನಿಗೆ..."

"ಮಾಮೂಲಾಗಿ ಹೇಳಿ."

ಆಲ್ಬನ್ ಕೈ ಇಳಿಸಿದ. ಮಾಮೂಲಾಗಿ ಹೇಳುವುದು ಅವನಿಗೆ ಅಭ್ಯಾಸವಿರಲಿಲ್ಲ. ಮುಖ ಪೂರ್ತಿ ಬೆವತುಹೋಯಿತು. "ನನ್ನ ಮದುವೆ ಆಗ್ತೀರಾ?"

"ಯೋಚ್ನೆ ಮಾಡ್ತೀನಿ," ಎಂದಳು ಹೆಡ್‌ವಿಗಮ್ಮ, ಅವನ ಕೈಯಿಂದ ಚಾಕು ಕಿತ್ತುಕೊಂಡು. "ಮೊದ್ಲು ಆ ಸಿಪ್ಪೆಯೆಲ್ಲ ಇಲ್ಲಿ ಕೊಡಿ. ಅದ್ರಲ್ಲೇ ಇನ್ನೊಂದು ಹೊತ್ತಿನ ಅಡುಗೆ ಇದೆ."